ಅಪ್ಪ ಬರುವ ಭಾನುವಾರ

ಹೋಟೆಲಿನವರ ಮನೆಯ ಹುಡುಗಿ ಬಿಲ್ಲು ಹಿಡಿದರೆ ಇಂಥವು ಆಗುತ್ತಲೇ ಇರುತ್ತವೆ. ತಪ್ಪಿಸಲು ನೋಡಿದ್ದೇನೆ, ಆಗಲಿಲ್ಲ. ಆದದ್ದನ್ನು ಆದ ಕ್ರಮದಲ್ಲಿ ಬರೆಯುತ್ತೇನೆ.

ಮೊದಲು ಒಂದೆರಡು ಸಂಗತಿ. ನಮ್ಮದು ಉಡುಪಿ ಕಡೆ. ಅಪ್ಪ ನಾಸಿಕ್ ರೋಡ್ ಸ್ಟೇಷನ್ನಿನ ಹತ್ತಿರ ಸಸ್ಯಾಹಾರಿ ಹೋಟೆಲ್ ಇಟ್ಟಿದ್ದಾರೆ. ನಾನು ಹುಟ್ಟಿ ಬೆಳೆದದ್ದು ಅಲ್ಲೇ. ಆರನೆಯಿಂದ ಹತ್ತನೆಯ ತರಗತಿಯವರೆಗೆ ಶಾಲೆಯಲ್ಲಿ ಬಿಲ್ಲುಗಾರಿಕೆ ಕಲಿತೆ. ಆಮೇಲೆ ಓದಿನ ನೆಪದಲ್ಲಿ ಬಿಟ್ಟುಹೋಯಿತು. ಎಂ.ಎಸ್ಸಿ. ಮುಗಿಸಿ ಛತ್ರಪತಿ ಸಂಭಾಜಿನಗರದ ಚಿಕಲಠಾಣಾದಲ್ಲಿ, ಒಂದು ಔಷಧ ಕಾರ್ಖಾನೆಯ ಲ್ಯಾಬಿಗೆ ಸೇರಿದ ಮೇಲೆ ಅಲ್ಲಿನ ಕ್ಲಬ್ಬಿಗೆ ಹೆಸರು ಕೊಟ್ಟೆ.

ಬಿಲ್ಲಿನ ಅಭ್ಯಾಸ ಇರುವುದು ಭಾನುವಾರ ಬೆಳಿಗ್ಗೆ. ಹೋಟೆಲಿಗೆ ಜನ ನುಗ್ಗುವುದೂ ಭಾನುವಾರ ಬೆಳಿಗ್ಗೆ. ಹಾಗಾಗಿ ನಾನು ಬಾಣ ಬಿಡುವುದನ್ನು ಅಪ್ಪ ಒಮ್ಮೆಯೂ ನೋಡಿರಲಿಲ್ಲ. "ಬರ್ತೀರಾ?" ಎಂದು ಕೇಳಿದರೆ, "ಮುಂದಿನ ಭಾನುವಾರ ನೋಡುವ ಮಗಾ" ಎನ್ನುತ್ತಿದ್ದರು. ಒಂದು ಭಾನುವಾರ ಶಟರ್ ಮುಚ್ಚಿದರೆ ಗಿರಾಕಿಗಳು ಎದುರಿನ ಮಿಸಳ್ ಪಾವ್ ತಿಂಡಿಯಂಗಡಿಗೆ ಹೋಗುತ್ತಾರೆ, ಹೋದವರು ಮರಳಿ ಬರುವುದಿಲ್ಲ ಎಂಬುದು ಅವರ ಗಟ್ಟಿ ನಂಬಿಕೆ. ಮಿಸಳ್ ಅಂಗಡಿಯ ಮೇಲೆ ನನಗಿದ್ದಷ್ಟು ಸಿಟ್ಟು ಅಪ್ಪನಿಗೂ ಇರಲಿಲ್ಲ.

೧. ವರದಿ

ಇದು ಶಾಲೆಯ ದಿನಗಳದ್ದು. ನನ್ನ ಮೊದಲ ಸ್ಪರ್ಧೆ. ಬರುತ್ತೀರಾ ಎಂದರೆ ಅಪ್ಪ ಆ ಸಲ ಹೌದೆಂದೇ ಹೇಳಿದ್ದರು. ಬೆಳಿಗ್ಗೆ ಮೈದಾನದ ಗೇಟಿನಲ್ಲಿ ನಮ್ಮ ಹೋಟೆಲಿನ ಸ್ಕೂಟರ್ ಕಂಡಿತು. ನಾನು ಓಡಿದೆ. ಇಳಿದವರು ದೋಸೆ ಹೊಯ್ಯುವ ಭಟ್ಟರು. ಹಿಂದಿನ ಸೀಟಿನಲ್ಲಿ ಇಡ್ಲಿಯ ಡಬ್ಬ.

"ನಿನ್ನ ಅಪ್ಪ ಕಳಿಸಿದ್ದು. ಗಲ್ಲಾ ಬಿಟ್ಟು ಬರ್ಲಿಕ್ಕೆ ಆಗಲಿಲ್ಲ. ನೋಡಿ ಬಂದು ತಮಗೆ ಎಲ್ಲ ಹೇಳಬೇಕು ಅಂದಿದ್ದಾರೆ" ಎಂದರು ಭಟ್ಟರು.

ಆ ದಿನ ನನಗೆ ಮೂರನೆಯ ಸ್ಥಾನ ಬಂತು. ಕಂಚಿನ ಬಣ್ಣದ ಪದಕವನ್ನು ಭಟ್ಟರಿಗೂ ತೋರಿಸಿದೆ. ಮಧ್ಯಾಹ್ನ ನಾವಿಬ್ಬರೂ ಹೋಟೆಲಿಗೆ ಮರಳಿದಾಗ ಅಪ್ಪ ಗಲ್ಲಾದಿಂದ ಎದ್ದು ನಿಂತೇ ಕೇಳಿದರು.

"ಹೇಗಾಯ್ತು ಭಟ್ರೇ?"

ಭಟ್ಟರು ಡಬ್ಬವನ್ನು ಕೆಳಗಿಟ್ಟು ಬೆವರು ಒರೆಸಿಕೊಂಡರು.

"ಎಲ್ಲ ಖಾಲಿ. ಚಟ್ನಿ ಸಾಲಲಿಲ್ಲ."

೨. ರಬ್ಬರ್ ಪಟ್ಟಿ

ಸಂಭಾಜಿನಗರದ ಕ್ಲಬ್ಬಿನಲ್ಲಿ ಕೋಚ್ ಸರ್ ನನ್ನ ಅನುಭವ ಕೇಳಿದರು. ಶಾಲೆಯಲ್ಲಿ ಐದು ವರ್ಷ ಎಂದೆ. ಬಿಟ್ಟು ಎಷ್ಟಾಯಿತು ಎಂದರು. ಏಳು ಎಂದೆ. ಅವರು ಮನಸ್ಸಿನಲ್ಲೇ ಒಂದರಿಂದ ಇನ್ನೊಂದನ್ನು ಕಳೆದಂತೆ ಕಂಡಿತು. ಬಿಲ್ಲಿನ ಬದಲು ಕೈಗೆ ಒಂದು ರಬ್ಬರ್ ಪಟ್ಟಿ ಕೊಟ್ಟು ಮಕ್ಕಳ ಸಾಲಿನಲ್ಲಿ ನಿಲ್ಲಿಸಿದರು. ಬಿಲ್ಲು ಎಳೆದ ಹಾಗೆ ಅದನ್ನು ಗಲ್ಲದವರೆಗೆ ಎಳೆಯಬೇಕು, ಹಿಡಿಯಬೇಕು, ಬಿಡಬೇಕು. ಹೊಸಬರಿಗೆಲ್ಲ ಇದೇ ಪಾಠ.

ಪಕ್ಕದಲ್ಲಿ ಎರಡು ಜಡೆಯ ಹುಡುಗಿ. ನನ್ನ ಸೊಂಟದಷ್ಟು ಎತ್ತರ. ಸ್ವಲ್ಪ ಹೊತ್ತು ನನ್ನನ್ನು ನೋಡಿ ಮರಾಠಿಯಲ್ಲಿ ಕೇಳಿದಳು.

"ಅಕ್ಕ, ನೀನು ಎಷ್ಟನೆಯ ಕ್ಲಾಸು?"

"ನನ್ನ ಕ್ಲಾಸೆಲ್ಲ ಮುಗಿದಿದೆ."

"ಹತ್ತನೆಯದೂ?"

"ಅದೂ ಮುಗಿದಿದೆ. ಕಾಲೇಜೂ ಮುಗಿದಿದೆ."

ಅವಳು ತನ್ನ ಪಟ್ಟಿಯನ್ನು ನೋಡಿದಳು, ನನ್ನದನ್ನು ನೋಡಿದಳು. ಎರಡೂ ಒಂದೇ ಬಣ್ಣ.

"ಅಷ್ಟೆಲ್ಲ ಮುಗಿಸಿದರೂ ಇದನ್ನೇ ಕೊಡುತ್ತಾರಾ?" ಎಂದು ಕೇಳಿ, ಆ ದಿನ ಅವಳು ಅಭ್ಯಾಸ ಅಷ್ಟಕ್ಕೇ ನಿಲ್ಲಿಸಿದಳು.

೩. ನೀಲಿ ಗುರುತು

ಕೊನೆಗೊಂದು ದಿನ ಕ್ಲಬ್ಬಿನ ಬಿದಿರಿನ ಬಿಲ್ಲು ಕೈಗೆ ಬಂತು. ಮೊದಲ ಬಾಣಕ್ಕೇ ಹೆದೆ ಎಡ ಮೊಣಕೈಯ ಒಳಬದಿಗೆ ಬಡಿಯಿತು. ಮೊಣಕೈಯನ್ನು ಹೊರಕ್ಕೆ ತಿರುಗಿಸಿ ಹಿಡಿಯಬೇಕು. ಅದು ನನಗೆ ಗೊತ್ತು. ಕೈಗೆ ಮರೆತಿತ್ತು. ಸಂಜೆಗೆ ಆ ಜಾಗ ನೀಲಿಗಟ್ಟಿತು. ಶಾಲೆಯಲ್ಲಿದ್ದಾಗಲೂ ಇದೇ ಜಾಗದಲ್ಲಿ ಇದೇ ಗುರುತು ಇರುತ್ತಿತ್ತು. ಹಳೆಯ ಪರಿಚಯದವರು ಸಿಕ್ಕ ಹಾಗಾಗಿ, ಅಂಗಿಯ ತೋಳಿನ ಮೇಲಿಂದಲೇ ಆಗಾಗ ಒತ್ತಿ ನೋಡಿಕೊಳ್ಳುತ್ತಿದ್ದೆ.

ನಮ್ಮ ಲ್ಯಾಬಿನ ಹಿರಿಯರು ವಿಜಯಪುರದ ಕಡೆಯವರು. ಮರುದಿನ ಕೈ ತೊಳೆಯುವಾಗ ಅವರ ಕಣ್ಣಿಗೆ ಬಿತ್ತು.

"ಇದೇನ್ರೀ, ಕೈ ನೀಲಿ ಆಗೇತಿ?"

"ಬಾಣ ಬಿಡಲು ಹೋಗಿದ್ದೆ ಸರ್."

"ಯಾರು ಬಿಟ್ರು ನಿಮಗ?"

"ನಾನೇ ಬಿಟ್ಟದ್ದು."

"ಎದುರಿಗಿದ್ದವ್ರು ಆರಾಮ ಅದಾರೇನ್ರಿ?"

"ಎದುರಿಗೆ ಯಾರೂ ಇರುವುದಿಲ್ಲ. ಗುರಿಹಲಗೆ ಅಷ್ಟೆ."

"ಹಲಗಿಗೆ ಏನರ ಆತೇನು?"

"ಇಲ್ಲ ಸರ್. ತಾಗಲಿಲ್ಲ."

ಅವರು ನಲ್ಲಿ ನಿಲ್ಲಿಸಿ ನಿಧಾನವಾಗಿ ಕೈ ಒರೆಸಿಕೊಂಡರು.

"ಅಲ್ರೀ, ಹೊಡಿಯಾಕ ಹೋದವ್ರೂ ನೀವ, ಹೊಡಿಸ್ಕೊಂಡು ಬಂದವ್ರೂ ನೀವ. ಹಲಗಿ ನಡುವ ಯಾಕ ಬೇಕಾಗಿತ್ರಿ?"

೪. ಮೂರು ವಿಸಿಲ್

ಮೈದಾನದಲ್ಲಿ ಎಲ್ಲವೂ ವಿಸಿಲ್ಲಿನ ಲೆಕ್ಕ. ಎರಡು ಊದಿದರೆ ಗೆರೆಯ ಮೇಲೆ ನಿಲ್ಲಬೇಕು. ಒಂದು ಊದಿದರೆ ಬಾಣ ಬಿಡಬಹುದು. ಮೂರು ಊದಿದ ಮೇಲೆಯೇ ಬಾಣ ತರಲು ಮುಂದೆ ಹೋಗಬೇಕು. ಅದಕ್ಕೆ ಮೊದಲು ಗೆರೆ ದಾಟಿದರೆ ಕೋಚ್ ಸರ್ ಮನೆಗೆ ಕಳಿಸುತ್ತಾರೆ.

ಒಂದು ಭಾನುವಾರ ನನ್ನ ಸರದಿ ಬರುವುದರೊಳಗೆ ಅಪ್ಪನಿಗೆ ಫೋನ್ ಮಾಡಿದೆ. ಅತ್ತ ಕಡೆ ತಟ್ಟೆಗಳ ಸದ್ದು, ಟೇಬಲ್ ಒರೆಸಲು ಯಾರನ್ನೋ ಕೂಗುವ ಸದ್ದು. ಈ ಸಂಭಾಷಣೆಗಾಗಿ ನಾನು ಒಂದು ವಾರ ಮಾತು ಜೋಡಿಸಿಕೊಂಡಿದ್ದೆ. ಬಸ್ಸು ಎಷ್ಟು ಹೊತ್ತಿಗೆ ಹೊರಡುತ್ತದೆ, ಎಲ್ಲಿ ಇಳಿಯಬೇಕು, ಎಲ್ಲ.

"ಅಪ್ಪ, ನೀವು ಒಮ್ಮೆ ಇಲ್ಲಿಗೆ ಬಂದರೆ..." ಎನ್ನುವಷ್ಟರಲ್ಲಿ ಹಿಂದಿನಿಂದ ಎರಡು ವಿಸಿಲ್.

"ಕುಕ್ಕರ್ ಇಟ್ಟಿದ್ದೀಯಾ ಮಗಾ?"

"ಇಲ್ಲ ಅಪ್ಪ, ಮೈದಾನದಲ್ಲಿದ್ದೇನೆ. ಅದು ಬಿಲ್ಲಿನ ವಿಸಿಲ್." ಎರಡು, ಒಂದು, ಮೂರು, ಎಲ್ಲದರ ಅರ್ಥವನ್ನೂ ಬಿಡಿಸಿ ಹೇಳಿದೆ. ಅಪ್ಪ ಗಮನವಿಟ್ಟು ಕೇಳಿದರು. ಅಷ್ಟರಲ್ಲಿ ಒಂದು ವಿಸಿಲ್. ಗೆರೆಯ ಮೇಲಿದ್ದವರು ಬಾಣ ಬಿಟ್ಟರು. ಆಮೇಲೆ ಮೂರು.

"ಈಗ ಇಳಿಸುವುದಾ?" ಎಂದರು ಅಪ್ಪ.

"ಈಗ ಬಾಣ ತರುವುದು."

"ಮೂರಕ್ಕೆ ಆಗ್ತದೆ ಅಂದರೆ ತೊಗರಿಬೇಳೆಯ ಹಾಗೆ" ಎಂದರು. ಅಷ್ಟರಲ್ಲಿ ಗಿರಾಕಿ ಬಂದರು. "ಮುಂದಿನ ಭಾನುವಾರ ಮಾತಾಡುವ, ಆಯ್ತಾ? ಬೇಳೆ ನೋಡಿಕೋ."

೫. ಒಳ್ಳೆಯ ಬಿದಿರು

ಕ್ಲಬ್ಬಿನ ಬಿಲ್ಲು ಎಲ್ಲರ ಕೈಯಲ್ಲಿ ಓಡಾಡುವಂಥದ್ದು. ಶಾಲೆಯಲ್ಲಿ ನನ್ನದೇ ಒಂದು ಬಿದಿರಿನ ಬಿಲ್ಲಿತ್ತು. ಹಿಡಿಯುವ ಜಾಗಕ್ಕೆ ನಾನೇ ನೀಲಿ ಬಟ್ಟೆ ಸುತ್ತಿದ್ದೆ. ಅದರ ನೆನಪು ಬಿಡಲಿಲ್ಲ. ದೀಪಾವಳಿ ರಜೆಯಲ್ಲಿ ನಾಸಿಕ್‌ಗೆ ಹೋದಾಗ ಅಟ್ಟ ಹುಡುಕಿದೆ, ಮಂಚದ ಕೆಳಗೆ ಹುಡುಕಿದೆ. ಸಿಗಲಿಲ್ಲ. ಅಮ್ಮನನ್ನು ಕೇಳಿದರೆ ನಕ್ಕರು. "ಹೋಟೆಲಿನಲ್ಲಿ ನೋಡು" ಎಂದರು.

ಹೋಟೆಲಿನ ಬಾಗಿಲ ಪಕ್ಕದ ಮೂಲೆಯಲ್ಲಿ ಅದು ನಿಂತಿತ್ತು. ಹೆದೆ ಇಲ್ಲ. ತುದಿಗೆ ಒಂದು ಕಬ್ಬಿಣದ ಕೊಕ್ಕೆ.

ನಮ್ಮ ಹೋಟೆಲಿನ ಶಟರನ್ನು ಬೆಳಿಗ್ಗೆ ಕೆಳಗಿನಿಂದ ಎತ್ತಿದರೆ ಯಾರು ಬೇಕಾದರೂ ತೆರೆಯಬಹುದು. ಒಮ್ಮೆ ಮೇಲೆ ಹೋಯಿತೆಂದರೆ ಕೈಗೆ ಸಿಗುವುದಿಲ್ಲ. ಮುಚ್ಚುವಾಗ ಕೊಕ್ಕೆ ಇರುವ ಕೋಲಿನಿಂದ ಎಳೆಯಬೇಕು. ನಾನು ಬಿಲ್ಲು ಬಿಟ್ಟ ವರ್ಷವೇ ಹಳೆಯ ಕೋಲು ಮುರಿಯಿತಂತೆ.

"ಅಪ್ಪ, ಇದು ನನ್ನ ಬಿಲ್ಲು."

"ಹೌದು. ಒಳ್ಳೆಯ ಬಿದಿರು ಮಾರಾಯ್ತಿ. ಒಂದು ದಿನ ಕೈ ಕೊಟ್ಟಿಲ್ಲ."

ಹಿಡಿಯ ನೀಲಿ ಬಟ್ಟೆ ಹಾಗೇ ಇತ್ತು. ಹರಿದಲ್ಲಿ ಯಾರೋ ಹೊಲಿದಿದ್ದರು. ಹೊಲಿಗೆ ಅಪ್ಪನದೇ ಎಂದು ನೋಡಿದ ಕೂಡಲೇ ತಿಳಿಯಿತು, ಅವರು ಹೋಟೆಲಿನ ಪರದೆಗಳನ್ನೂ ಹಾಗೆಯೇ ದೊಡ್ಡ ದೊಡ್ಡ ಹೊಲಿಗೆ ಹಾಕಿ ಹೊಲಿಯುತ್ತಾರೆ. ಬಿಲ್ಲನ್ನು ಮರಳಿ ಕೇಳುವ ಮನಸ್ಸಾಗಲಿಲ್ಲ. ಆದರೂ ಕೊಂಚ ಜಗಳ ಮಾಡಬೇಕೆನಿಸಿತು.

"ನಾನು ಐದು ವರ್ಷ ಅಭ್ಯಾಸ ಮಾಡಿದ ಬಿಲ್ಲನ್ನು ನೀವು ಶಟರ್ ಎಳೆಯಲಿಕ್ಕೆ ಇಟ್ಟುಕೊಂಡಿರಲ್ಲ?"

"ನಿನ್ನದು ಐದು ವರ್ಷ. ನನ್ನದು ಏಳು" ಎಂದರು ಅಪ್ಪ, ಚಿಲ್ಲರೆ ಕೊಡುತ್ತಲೇ. "ಅದರಲ್ಲೂ ನೀನು ವಾರಕ್ಕೊಮ್ಮೆ ಹಿಡಿದದ್ದು. ನಾನು ದಿನಾ ಹಿಡಿದು ಎಳೆದಿದ್ದೇನೆ, ಒಂದು ಸಲವೂ ಗುರಿ ತಪ್ಪಿಲ್ಲ."

೬. ಭಾನುವಾರ

ಕ್ಲಬ್ಬಿನವರು ತಮ್ಮಲ್ಲೇ ಒಂದು ಸಣ್ಣ ಸ್ಪರ್ಧೆ ಇಟ್ಟರು. ಫೋನಿನಲ್ಲಿ ಅಪ್ಪನಿಗೆ ಯಾವ ದಿನ, ಎಲ್ಲಿ ಎಂಬ ಸುದ್ದಿ ಮಾತ್ರ ಹೇಳಿದೆ. ಬರುತ್ತೀರಾ ಎಂದು ಈ ಸಲ ಕೇಳಲಿಲ್ಲ. ಕೇಳಿದರೆ ಏನು ಉತ್ತರ ಬರುತ್ತದೆಂದು ಗೊತ್ತಿತ್ತು. ಅದನ್ನು ಇನ್ನೊಮ್ಮೆ ಕೇಳಿಸಿಕೊಳ್ಳುವ ಆಸೆ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಬಿಲ್ಲುಗಳ ತಪಾಸಣೆಗೆ ಸಾಲಿನಲ್ಲಿ ನಿಂತಿದ್ದೆ. ಸ್ಪರ್ಧೆಗೆ ಮೊದಲು ತೀರ್ಪುಗಾರರು ಪ್ರತಿ ಬಿಲ್ಲನ್ನೂ ಮುಟ್ಟಿ ನೋಡುತ್ತಾರೆ. ಸಾಲಿನ ಮುಂದೆ ಏನೋ ಮಾತುಕತೆ ನಡೆದಿತ್ತು. ಇಣುಕಿ ನೋಡಿದೆ. ಗಲ್ಲಾದಲ್ಲಿ ಕೂರುವಾಗ ಹಾಕುವ ಬಿಳಿ ಅರ್ಧ ತೋಳಿನ ಅಂಗಿ. ಮೇಜಿನ ಮೇಲೆ, ಬಿಚ್ಚಿದ ಹಳೆಯ ಪತ್ರಿಕೆಯ ನಡುವೆ, ನನ್ನ ಬಿಲ್ಲು.

"ಇದೇನು?" ತೀರ್ಪುಗಾರರು ಮರಾಠಿಯಲ್ಲಿ ಕೇಳುತ್ತಿದ್ದರು.

"ಬಿಲ್ಲು. ಮಗಳದ್ದು" ಎಂದರು ಅಪ್ಪ.

"ತುದಿಯಲ್ಲಿ?"

"ಕೊಕ್ಕೆ."

"ಯಾಕೆ?"

"ಅದು ಇಲ್ಲದಿದ್ದರೆ ಶಟರ್ ಕೆಳಗೆ ಬರುವುದಿಲ್ಲ."

ತೀರ್ಪುಗಾರರು ಹೆದೆಯನ್ನು ಮುಟ್ಟಿದರು. "ಇದು ಎಂಥ ದಾರ?"

"ಪಾರ್ಸೆಲ್ ಕಟ್ಟುವುದು. ಎಳೆದು ನೋಡಿ. ಸಾಂಬಾರೇ ಸೋರುವುದಿಲ್ಲ."

ಅಂಥ ಬಿಲ್ಲಿಗೆ ಅನುಮತಿ ಇಲ್ಲ ಎಂದು ಅವರು ಮರ್ಯಾದೆಯಿಂದಲೇ ಹೇಳಿದರು. "ಇಷ್ಟು ವರ್ಷ ಯಾರೂ ತಕರಾರು ಮಾಡಿರಲಿಲ್ಲ" ಎನ್ನುತ್ತ ಅಪ್ಪ ತಿರುಗಿದರು. ನಾನು ಅವರ ಕಣ್ಣಿಗೆ ಬಿದ್ದೆ.

"ಸ್ಪರ್ಧೆ ಅಂದಿಯಲ್ಲ. ಬಿಲ್ಲು ಬೇಡವಾ?" ಎಂದರು.

ಕ್ಲಬ್ಬಿನವರೇ ಬಿಲ್ಲು ಕೊಡುತ್ತಾರೆ ಎಂದು ನಾನು ಹೇಳಿಯೇ ಇರಲಿಲ್ಲ. ಅವರನ್ನು ಬೇವಿನ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದೆ. ಬಿಲ್ಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕೂತರು.

ಎರಡು ವಿಸಿಲ್. ಗೆರೆಯ ಮೇಲೆ ನಿಂತೆ. ಶಾಲೆಯ ಕಾಲದಿಂದ ಎಷ್ಟೋ ಸಲ, ಬೆನ್ನ ಹಿಂದೆ ಅಪ್ಪ ಕೂತಿದ್ದಾರೆ ಎಂದು ಊಹಿಸಿಕೊಂಡು ಬಾಣ ಬಿಟ್ಟಿದ್ದೆ. ಈ ಸಲ ನಿಜವಾಗಿಯೂ ಕೂತಿದ್ದರು. ಒಂದು ವಿಸಿಲ್. ಮೊದಲ ಬಾಣ ಹಲಗೆಯ ಮೇಲಿಂದ ಹಾರಿ ಹುಲ್ಲಿನಲ್ಲಿ ಮಾಯವಾಯಿತು. ಎರಡನೆಯದು ಹಲಗೆಯ ಅಂಚಿಗೆ. ಮೂರನೆಯದಕ್ಕೆ ಮೊಣಕೈ ತಾನಾಗಿ ಹೊರಕ್ಕೆ ತಿರುಗಿತು. ಬಾಣ ನಡುವಿನ ಹಳದಿಯಲ್ಲಿ ನಿಂತಿತು.

ತಿರುಗಿ ನೋಡಿದೆ. ಅಪ್ಪ ಪಕ್ಕದವರೊಡನೆ ಮಾತಾಡುತ್ತಿರಲಿಲ್ಲ, ಫೋನ್ ನೋಡುತ್ತಿರಲಿಲ್ಲ. ಹಲಗೆಯನ್ನೇ ನೋಡುತ್ತಿದ್ದರು.

ಮೂರು ವಿಸಿಲ್. ಎಲ್ಲರಿಗಿಂತ ಮೊದಲು ಎದ್ದವರು ಅಪ್ಪ. "ಆಯ್ತು, ಇನ್ನು ಇಳಿಸಬಹುದು" ಎಂದು ಪಕ್ಕದವರಿಗೂ ಹೇಳಿದರಂತೆ. ಕೋಚ್ ಸರ್ ನಕ್ಕು ಬಿಟ್ಟರು. ಕಳೆದ ಬಾಣವನ್ನು ನಾವಿಬ್ಬರೂ ಹುಲ್ಲಿನಲ್ಲಿ ಹುಡುಕಿದೆವು. ಅಪ್ಪ ಕೊಕ್ಕೆಯಿಂದ ಹುಲ್ಲು ಸರಿಸಿ ಅದನ್ನು ಎಳೆದು ತೆಗೆದರು. ನನ್ನ ಬಿಲ್ಲು ಆ ಸ್ಪರ್ಧೆಯಲ್ಲಿ ಮಾಡಿದ ಕೆಲಸ ಇಷ್ಟೇ. ನನಗೆ ಬಹುಮಾನ ಬರಲಿಲ್ಲ.

ಸಂಜೆ ಬಸ್ ನಿಲ್ದಾಣದಲ್ಲಿ, ಬೆಳಗಿನಿಂದ ತಡೆದುಕೊಂಡಿದ್ದ ಪ್ರಶ್ನೆ ಕೇಳಿದೆ.

"ಅಪ್ಪ, ಹೋಟೆಲಿನಲ್ಲಿ ಯಾರಿದ್ದಾರೆ?"

"ಯಾರೂ ಇಲ್ಲ. ನಿನ್ನೆಯೇ ಶಟರ್ ಎಳೆದು ಬಂದೆ. ಭಟ್ಟರಿಗೆ ರಜೆ."

"ಭಾನುವಾರ?"

"ಮತ್ತೆಂತ ಮಾಡುವುದು? ಬೆಳಿಗ್ಗೆ ತೆರೆದರೆ ರಾತ್ರಿ ಮುಚ್ಚುವುದು ಹೇಗೆ? ಬಿಲ್ಲು ನನ್ನ ಹತ್ತಿರ ಉಂಟಲ್ಲ."

ನಮ್ಮ ಹೋಟೆಲಿನ ಪಕ್ಕದ್ದೇ ಹಾರ್ಡ್‌ವೇರ್ ಅಂಗಡಿ. ಕೊಕ್ಕೆಯ ಕೋಲುಗಳನ್ನು ಬಾಗಿಲಲ್ಲೇ ನೇತುಹಾಕಿರುತ್ತಾರೆ. ಅದು ನನಗೂ ಗೊತ್ತು, ಅಪ್ಪನಿಗೂ ಗೊತ್ತು. ಇಬ್ಬರೂ ಆ ಮಾತು ಎತ್ತಲಿಲ್ಲ.

"ಗಿರಾಕಿಗಳು?"

"ಒಂದು ದಿನ ಮಿಸಳ್ ತಿನ್ನಲಿ."

ನಾಸಿಕ್ ಬಸ್ಸು ಬಂತು. ಅಪ್ಪ ಬಿಲ್ಲನ್ನು ಮೊದಲು ಒಳಗೆ ತೂರಿಸಿ, ತಾವು ಹತ್ತಿ, ಕಿಟಕಿಯ ಪಕ್ಕ ಕೂತರು. ಕೊಕ್ಕೆಯನ್ನು ಬೆರಳಿನಿಂದ ಅಲುಗಿಸಿ ನೋಡಿದರು.

"ಅವರು ಬೇಡ ಅಂದದ್ದು ಇದಕ್ಕೇ ಅಲ್ವಾ? ಮುಂದಿನ ಸಲ ಇದನ್ನು ತೆಗೆಸಿ ತರ್ತೇನೆ."

"ಕೊಕ್ಕೆ ತೆಗೆದರೆ ಶಟರ್ ಎಳೆಯುವುದು ಹೇಗೆ ಅಪ್ಪ?"

ಬಸ್ಸು ಹೊರಟಿತ್ತು. ಅಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿ, ಇಷ್ಟೂ ತಿಳಿಯದವಳಿಗೆ ಎಂ.ಎಸ್ಸಿ. ಯಾರು ಕೊಟ್ಟರು ಎನ್ನುವ ಮುಖ ಮಾಡಿದರು.

"ಆ ದಿನ ಹೇಗೂ ಮುಚ್ಚಿಯೇ ಇರ್ತದಲ್ಲ, ಮಾರಾಯ್ತಿ."