ನಿದ್ದೆರಾಯರ ಮನೆವಾರ್ತೆ

"ಮನೆ ನಡೆಸೋದು ಅಂದ್ರೆ ಏನು ಮಹಾ? ಕಿವಿ ತೆರೆದಿಟ್ಕೊಂಡು ಕೂತ್ರೆ ಆಯ್ತು! ಮನೆ ತಾನಾಗೇ ನಡೆಯುತ್ತೆ!"

ಹೀಗೆಂದು ಘೋಷಿಸಿ ನಿದ್ದೆರಾಯರು ಸಿಂಹಾಸನವೇರುವ ಗತ್ತಿನಲ್ಲಿ ಬೆತ್ತದ ಕುರ್ಚಿಯ ಮೇಲೆ ಕುಳಿತರು. ಎದುರಿಗೆ ಹೆಂಡತಿ ಹೆಗಲಿಗೆ ಚೀಲ ಹಾಕಿಕೊಂಡು, ಹೋಗಲೋ ಬೇಡವೋ ಎಂಬ ಮುಖದಲ್ಲಿ ನಿಂತಿದ್ದಳು. ಮಗಳು ಆಗಲೇ ಚಪ್ಪಲಿ ಮೆಟ್ಟಿ, ಹೊಸ್ತಿಲಿನ ಆಚೆ ಒಂದು ಕಾಲು ಈಚೆ ಒಂದು ಕಾಲು ಇಟ್ಟು ಕಾಯುತ್ತಿದ್ದಳು.

ನಿದ್ದೆರಾಯರೆಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಬೀದಿಯವರು ಪ್ರೀತಿಯಿಂದ ದಯಪಾಲಿಸಿದ ಬಿರುದು. ರಾಯರು ಪತ್ರಿಕೆ ಅಚ್ಚಾಗುವ ಪ್ರೆಸ್ಸಿನಲ್ಲಿ ಮಷೀನ್‌ಮನ್. ಊರು ಮಲಗಿದಾಗ ಅವರು ಎದ್ದಿರಬೇಕು, ಊರು ಎದ್ದಾಗ ಮಲಗಬೇಕು. ಪ್ರೆಸ್ಸಿನಲ್ಲಿ ಅವರ ಒಂದು ವಿದ್ಯೆಯನ್ನು ಕಂಡು ಎಲ್ಲರೂ ಬೆರಗಾಗುತ್ತಿದ್ದರು. ಮಷೀನು ನೆಲ ನಡುಗುವಂತೆ ಗುಡುಗುತ್ತಿದ್ದರೆ, ರಾಯರು ಕಂಬಕ್ಕೆ ಒರಗಿ ಸ್ಟೂಲಿನ ಮೇಲೆ ಎಳೆಗೂಸಿನ ಹಾಗೆ ತೂಕಡಿಸುವರು. ಎಲ್ಲೋ ಕಾಗದ ಹರಿದು ಮಷೀನು ನಿಂತಿತೋ, ಮರುಕ್ಷಣ "ಯಾಕೆ ನಿಂತಿತು?" ಎಂದು ಎದ್ದು ನಿಲ್ಲುವರು!

ಮನೆಯಲ್ಲಿ ಮಾತ್ರ ಕಥೆಯೇ ಬೇರೆ. ಮದುವೆಯಾದ ಹೊಸತರಲ್ಲೇ ರಾಯರು ಕೆಂಪು ಕಣ್ಣು ಬಿಟ್ಟುಕೊಂಡು, "ಹಗಲು ನಿದ್ದೆನೇ ಹತ್ತಲ್ಲ ಕಣೇ, ಏನೋ ಒಂದು ಸದ್ದು" ಎಂದಿದ್ದರು. ಪಾಪ, ಆ ಹೆಣ್ಣುಮಗಳು ಅದನ್ನು ಎದೆಗೆ ಹಚ್ಚಿಕೊಂಡಳು. ಅಂದಿನಿಂದ ಆ ಮನೆಯ ಸದ್ದುಗಳು ಒಂದೊಂದಾಗಿ ಬಾಯಿ ಮುಚ್ಚಿಕೊಂಡವು. ಬಾಗಿಲ ಸಂದಿಗೆ ಬಟ್ಟೆ ಬಂತು, ಕುರ್ಚಿಯ ಕಾಲುಗಳಿಗೆ ಹಳೆಯ ಕಾಲುಚೀಲ ಬಂತು. ಪಕ್ಕದ ಮನೆಯ ದರ್ಜಿ ತನ್ನ ಹೊಲಿಗೆ ಮಷೀನನ್ನು ಹಿಂದಿನ ಕೋಣೆಗೆ ಸಾಗಿಸಿದ. ಮಗಳಂತೂ ಪಿಸುಮಾತಿನಲ್ಲೇ ಮಾತು ಕಲಿತಳು. "ನಿಮ್ಮ ಹುಡುಗಿ ಪಾಠ ಒಪ್ಪಿಸಿದ್ರೆ ನಾನು ತುಟಿ ನೋಡಿ ಮಾರ್ಕ್ಸ್ ಹಾಕ್ಬೇಕು" ಎಂದು ಶಾಲೆಯ ಟೀಚರ್ ದೂರಿದ್ದುಂಟು. ಆದರೂ ರಾಯರು ಹಗಲೆಲ್ಲ ಹೊರಳಾಡುವುದು ತಪ್ಪಲಿಲ್ಲ. ಸಂಜೆ ಎದ್ದು, "ಇವತ್ತು ಗಡಿಯಾರ ಬಹಳ ಟಿಕ್ ಟಿಕ್ ಅಂತಿತ್ತು" ಎನ್ನುವರು. ಮರುದಿನ ಗಡಿಯಾರವೂ ದಿಂಬುಗಳ ನಡುವೆ ಅಜ್ಞಾತವಾಸಕ್ಕೆ ಹೋಗುವುದು.

ಇವೆಲ್ಲದರ ಜೊತೆ ಇನ್ನೊಂದು ಸದ್ದೂ ನಿಂತಿತ್ತು. ರಾಯರ ಹೆಂಡತಿ ಮೊದಲು ಹಾಡುತ್ತಿದ್ದಳು. ಪಾತ್ರೆ ತೊಳೆಯುವಾಗ, ಬಟ್ಟೆ ಹರವುವಾಗ, ಸುಮ್ಮನೆ ಕಿಟಕಿಯ ಬಳಿ ಕೂತಾಗ ಗಂಟಲು ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ಅದನ್ನು ಅವಳು ಯಾರಿಗೂ ಹೇಳದೆ ಮಡಿಸಿ ಒಳಗಿಟ್ಟಿದ್ದಳು. ಈಗ ಮೂರನೆಯ ಬೀದಿಯಲ್ಲಿ ಹಾಡುವವರ ಗುಂಪೊಂದು ಶುರುವಾಗಿ, ವಾರಕ್ಕೊಂದು ಮಧ್ಯಾಹ್ನ ಅಭ್ಯಾಸವೆಂದು ಗೊತ್ತಾದಾಗ ಅವಳ ಮುಖದಲ್ಲಿ ದೀಪ ಹಚ್ಚಿದಂತಾಗಿತ್ತು. ತೊಡಕೆಂದರೆ ನಲ್ಲಿಯಲ್ಲಿ ನೀರು ಬರುವುದೂ ಅದೇ ಹೊತ್ತಿಗೆ. ಹಿಡಿಯದಿದ್ದರೆ ಮರುದಿನವೆಲ್ಲ ಮನೆ ಒಣಗಬೇಕು. ಅದೃಷ್ಟಕ್ಕೆ ಪ್ರೆಸ್ಸಿನವರು ರಾಯರಿಗೆ ಹೊಸದಾಗಿ ವಾರದ ರಜೆಯನ್ನು ಅದೇ ದಿನಕ್ಕೆ ಕೊಟ್ಟಿದ್ದರು.

"ಇವತ್ತು ಒಂದಿನ ಮನೆ ನೆಟ್ಟಗಿದ್ರೆ ಪ್ರತಿ ವಾರ ಹೋಗ್ತೀನಿ," ಎಂದಳು ಹೆಂಡತಿ. "ಇಲ್ಲಾಂದ್ರೆ ಈ ಮಾತು ಮತ್ತೆ ಎತ್ತಲ್ಲ."

"ಹುಚ್ಚಿ! 'ಮನೆವಾರ್ತೆ' ಓದಿದವನ ಹೆಂಡತಿ ನೀನು!"

'ಮನೆವಾರ್ತೆ' ಎಂದರೆ ಅವರ ಪತ್ರಿಕೆಯಲ್ಲಿ ದಿನವೂ ಬರುವ, ಸಂಸಾರಸ್ಥರಿಗೆ ಕಿವಿಮಾತು ಹೇಳುವ ಅಂಕಣ. ಮಸಿ ಆರುವ ಮೊದಲೇ ಅದನ್ನು ಓದುವ ಭಾಗ್ಯ ಇಡೀ ಊರಿನಲ್ಲಿ ರಾಯರಿಗೆ ಮಾತ್ರ. ಬೆಳಿಗ್ಗೆ ಮನೆಗೆ ಬರುವಾಗ ಕೈಗೆ ಮಸಿ, ಬಾಯಿಗೆ ಕಿವಿಮಾತು ಅಂಟಿಕೊಂಡೇ ಬರುತ್ತಿದ್ದವು. ಸೋಪನ್ನು ಒಣಗಿಸಿ ಬಳಸು, ಊಟದ ಹೊತ್ತಿನಲ್ಲಿ ಜಗಳ ತೆಗೆಯಬೇಡ, ದಿಂಬಿಗೆ ಬಿಸಿಲು ಕಾಯಿಸು! "ಈ ಕಿವಿಮಾತು ಬರೆಯೋರ ಮನೇಲಿ ಪಾತ್ರೆ ಯಾರು ತೊಳೀತಾರಂತೆ?" ಎಂದು ಹೆಂಡತಿ ಕೇಳಿದರೆ ರಾಯರಿಗೆ ಥಟ್ಟನೆ ಆಕಳಿಕೆ ಬರುತ್ತಿತ್ತು.

ನಿನ್ನೆಯ ಕಿವಿಮಾತಂತೂ ರಾಯರ ಮನಸ್ಸನ್ನೇ ಗೆದ್ದಿತ್ತು. ಕೆಲಸದ ಹಿಂದೆ ಓಡಬೇಡಿ, ಎಲ್ಲ ಕೆಲಸ ಹಚ್ಚಿಟ್ಟು ನೆಮ್ಮದಿಯಾಗಿ ಕುಳಿತುಕೊಳ್ಳಿ, ಮುಗಿದಾಗ ಕೆಲಸವೇ ನಿಮ್ಮನ್ನು ಕರೆಯುತ್ತದೆ! ಎಂಥ ಮಾತು! ಚಿನ್ನದ ನೀರಿನಲ್ಲಿ ಬರೆಸಿ ಗೋಡೆಗೆ ಹಾಕಬೇಕು!

"ರೀ, ಆ ಕೆಟಲ್ಲು..." ಎಂದು ಬಾಗಿಲಲ್ಲಿ ನಿಂತ ಹೆಂಡತಿ ಏನೋ ಹೇಳಹೊರಟಳು.

"ನನಗೆ ಹೇಳ್ಕೊಡ್ಬೇಡ!"

"ಅಲ್ಲ, ಬಾಗಿಲ ಬೆಲ್ಲು..."

"ನಾನು ಮನೆಗಾತ್ರದ ಮಷೀನು ನಡೆಸೋನು ಕಣೇ! ಇಷ್ಟೇ ಇಷ್ಟು ಮನೆ ನಡೆಸೋಕಾಗಲ್ವಾ? ನೀನು ನಿಶ್ಚಿಂತೆಯಿಂದ ಹಾಡಿ ಬಾ. ಬರೋ ಹೊತ್ತಿಗೆ ಬಿಸಿ ಬಿಸಿ ಚಹಾ ಕೈಗಿಡ್ತೀನಿ."

ತಾಯಿ ಮಗಳು ಮುಖ ಮುಖ ನೋಡಿಕೊಂಡು ಮೆಟ್ಟಿಲಿಳಿದರು. ರಾಯರು ಕಿವಿಮಾತಿನ ನೆಮ್ಮದಿಗೆ ಭಂಗ ಬಾರದಿರಲೆಂದು ಬಾಗಿಲಿಗೆ ಒಳಗಿನಿಂದ ಭದ್ರವಾಗಿ ಚಿಲಕ ಹಾಕಿದರು. ಆಮೇಲೆ ರಾಜ್ಯಭಾರ ಆರಂಭವಾಯಿತು. ನಲ್ಲಿಯ ಕೆಳಗೆ ದೊಡ್ಡ ಟಬ್ಬಿಟ್ಟು ತಿರುಪಿದರು. ತುಂಬುತ್ತಾ ಬಂದ ಹಾಗೆ ನೀರಿನ ಸದ್ದು ಬದಲಾಗುತ್ತದೆ, ಆಗ ಎದ್ದರಾಯಿತು. ಕೆಟಲ್ಲಿನಲ್ಲಿ ಚಹಾಕ್ಕೆ ನೀರಿಟ್ಟು ಒಲೆ ಹಚ್ಚಿದರು. ಕುದಿದಾಗ ಸೀಟಿ ಹೊಡೆಯುತ್ತದೆ, ಆಗ ಎದ್ದರಾಯಿತು. ದಿಂಬುಗಳ ನಡುವಿನಿಂದ ಗಡಿಯಾರ ಹುಡುಕಿ ತೆಗೆದು, ಎಲ್ಲಕ್ಕೂ ಇರಲಿ ಎಂದು ಅಲಾರಾಂ ಇಟ್ಟರು. ಹೆಂಡತಿ ಬಂದರೆ ಬೆಲ್ ಒತ್ತುತ್ತಾಳೆ. ನಾಲ್ಕು ಜನ ಕಾವಲುಗಾರರು! ರಾಜ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕಾಲು ಚಾಚಿದ.

ಅಯ್ಯೋ ರಾಜ! ಕೆಟಲ್ಲಿನ ಸೀಟಿ ಬಹಳ ಹಿಂದೆಯೇ ಕೊಕ್ಕಿನಿಂದ ಕಳಚಿ ಮಗಳ ಗೊಂಬೆಯ ಟೋಪಿಯಾಗಿತ್ತು. ಗಡಿಯಾರದ ಗಂಟೆ ಬಡಿಯುವ ಪುಟ್ಟ ಸುತ್ತಿಗೆಯನ್ನು ಹೆಂಡತಿ ತನ್ನ ಕೈಯಾರೆ ಬಾಗಿಸಿಟ್ಟಿದ್ದಳು. ಬೆಲ್ಲಿನ ತಂತಿ ಕಿತ್ತುಹಾಕಿ ಯಾವ ಕಾಲವಾಯಿತೋ! ಇನ್ನು ನಲ್ಲಿ. ಅದರ ಬಾಯಿಗೆ ಹಳೆಯ ಸೀರೆಯ ತುಂಡೊಂದು ಕಟ್ಟಿ, ಟಬ್ಬಿನ ತಳದವರೆಗೆ ಇಳಿಬಿಟ್ಟಿತ್ತು. ನೀರು ಆ ಬಟ್ಟೆ ಹಿಡಿದು, ಹಾಸಿಗೆಯಿಂದಿಳಿಯುವ ಮಗುವಿನ ಹಾಗೆ ಸದ್ದೇ ಇಲ್ಲದೆ ಜಾರಿ ಇಳಿಯುತ್ತಿತ್ತು. ರಾಯರು ಅದನ್ನು ನೋಡಿ, ನೀರು ಸೋಸುವುದಕ್ಕಿರಬೇಕು, ಜಾಣೆ, ಎಂದುಕೊಂಡಿದ್ದರು.

ಮಧ್ಯಾಹ್ನದ ಬಿಸಿಲು ಪರದೆಯಿಂದ ಸೋಸಿ ಬಂದು ನೆಲದ ಮೇಲೆ ಮೈಚೆಲ್ಲಿತ್ತು. ಬೆಳಕಿನ ಕೋಲಿನಲ್ಲಿ ಧೂಳಿನ ಕಣಗಳು ಮೇಲಕ್ಕೆ ಹೋಗಲೋ ಕೆಳಕ್ಕೆ ಹೋಗಲೋ ತಿಳಿಯದೆ ತೇಲುತ್ತಿದ್ದವು. ಅಡುಗೆಮನೆಯಿಂದ ಬಿಳಿಯ ಹಬೆ ತೆಳ್ಳಗೆ ಹೊರಬಂದು, ಬಾಗಿಲಲ್ಲಿ ನಿಂತು ರಾಯರನ್ನು ನೋಡಿ, ಸದ್ದು ಮಾಡದೆ ಮಾಯವಾಯಿತು. ರಾಯರು ಕಿವಿ ನಿಮಿರಿಸಿ ಕಾದರು. ಒಂದು ಸದ್ದಿಲ್ಲ. "ಇನ್ನೂ ಟೈಮಿದೆ" ಎಂದುಕೊಂಡರು. ಹಿಂದಿನ ರಾತ್ರಿ ರಜೆಯೆಂದು ಮನೆಯಲ್ಲೇ ಮಲಗಿ, ಎಂದಿನಂತೆ ಹೊರಳಾಡಿ ಎದ್ದ ಜೀವ. ರೆಪ್ಪೆಗಳು ಒಂದನ್ನೊಂದು ಕಾಣಲು ಹಂಬಲಿಸಿ, ಕಡೆಗೆ ಕೂಡಿಕೊಂಡವು.

ಕನಸಿನಲ್ಲಿ ಒಂದು ನದಿ. ನೀರಿನದಲ್ಲ, ಪ್ರೆಸ್ಸಿನ ಬಿಳಿಯ ಕಾಗದದ್ದು. ಅದರ ಮೇಲೆ ಪತ್ರಿಕೆ ಮಡಿಸಿ ಮಾಡಿದ ದೋಣಿ, ದೋಣಿಯಲ್ಲಿ ರಾಯರು. ಕಾಲಿಗೆ ತಣ್ಣಗೆ ಅಲೆ ಮುಟ್ಟುತ್ತಿತ್ತು. ಪಕ್ಕದಲ್ಲಿ ಅವರ ಎರಡು ಚಪ್ಪಲಿಗಳು ಬಾತುಕೋಳಿಗಳ ಹಾಗೆ ತೇಲಿಕೊಂಡು ಬರುತ್ತಿದ್ದವು. ಆಹಾ, ಎಂಥ ಸುಖ! ಆದರೆ ಈ ಸುಖದ ಅಡಿಯಲ್ಲಿ ಏನೋ ಕೊರತೆ. ದೋಣಿ ಆಗಾಗ ತಳ ತಾಗಿ ನಿಲ್ಲುತ್ತಿತ್ತು, ರಾಯರು ನಿದ್ದೆಯಲ್ಲೇ ಹೊರಳಾಡುತ್ತಿದ್ದರು.

ಹೊರಗೆ ಹೆಂಡತಿ ಮಗಳು ಬಂದಾಗ, ಬಾಗಿಲ ಕೆಳಗಿಂದ ನೀರು ಹರಿದು ಒಂದೊಂದೇ ಮೆಟ್ಟಿಲು ಇಳಿಯುತ್ತಿತ್ತು. ಕಿಟಕಿಯಿಂದ ಸುಟ್ಟ ತವರದ ವಾಸನೆ ಬರುತ್ತಿತ್ತು. ಹೆಂಡತಿ ಅಭ್ಯಾಸಬಲದಿಂದ ಬೆಲ್ ಒತ್ತಿದಳು, ತಾನೇ ಕಿತ್ತುಹಾಕಿದ ಬೆಲ್ಲು! ತಲೆ ಚಚ್ಚಿಕೊಂಡು ಬಾಗಿಲು ತಟ್ಟಿದಳು. ತಟ್ಟಿದ್ದಾದರೂ ಹೇಗೆ? ಇಷ್ಟು ವರ್ಷ ಮಾಡಿಕೊಂಡ ರೂಢಿ, ಬೆರಳ ತುದಿಯಿಂದ, ಬಾಗಿಲಿಗೆ ನೋವಾದೀತೆಂಬಂತೆ!

ದರ್ಜಿ ಹೊರಗೆ ಬಂದ. "ಏನಾಯ್ತಕ್ಕಾ?" ಎಂದು ಪಿಸುಗುಟ್ಟಿದ.

"ಒಳಗೆ ಮಲಗ್ಬಿಟ್ಟಿದ್ದಾರೆ. ನೀರು ಉಕ್ಕಿ ಹರೀತಿದೆ, ಒಲೆ ಮೇಲೆ ಏನೋ ಸುಡ್ತಿದೆ," ಎಂದು ಅವಳೂ ಪಿಸುಗುಟ್ಟಿದಳು.

ಎದುರು ಮನೆಯವರು ಬಂದರು, ಮೂಲೆಮನೆಯವರು ಬಂದರು. ಮೆಟ್ಟಿಲ ಮೇಲೆ ಸಭೆ ಸೇರಿತು. ಮಲಗಿದ ಮನುಷ್ಯನನ್ನು ಎಬ್ಬಿಸುವುದು ಹೇಗೆಂದು ಇಡೀ ಬೀದಿ ಪಿಸುಮಾತಿನಲ್ಲಿ ಚರ್ಚಿಸಿತು! ಒಬ್ಬರ ಚಪ್ಪಲಿ ಕಿರ್ರೆಂದಾಗ ಮಗಳು ತುಟಿಗೆ ಬೆರಳಿಟ್ಟು, "ಶ್! ಅಪ್ಪ ಎದ್ಬಿಡ್ತಾರೆ!" ಎಂದಳು. ಎಲ್ಲರೂ ನಾಚಿಕೊಂಡು ತುದಿಗಾಲಲ್ಲಿ ನಿಂತರು.

"ಕೂಗು ಅಕ್ಕಾ," ಎಂದ ದರ್ಜಿ.

ಅವಳು ಬಾಯಿ ತೆರೆದಳು. ಕೂಗು ಬರಲಿಲ್ಲ. ಈ ಮನೆಯ ಮುಂದೆ ಕೂಗುವುದನ್ನು ಗಂಟಲು ಎಂದೋ ಮರೆತಿತ್ತು. ಆದರೆ ಈಗಷ್ಟೇ ಅಭ್ಯಾಸದಲ್ಲಿ, "ಗಂಟಲು ಬಿಚ್ಚಮ್ಮ, ಇಲ್ಲಿ ಯಾರೂ ಮಲಗಿಲ್ಲ!" ಎಂದು ಹಾಡು ಕಲಿಸುವ ಟೀಚರ್ ಪದೇ ಪದೇ ಹೇಳಿ ಬಿಚ್ಚಿಸಿದ್ದ ಹಾಡೊಂದು ಅಲ್ಲೇ ಬಿಸಿಯಾಗಿ ಕೂತಿತ್ತು. ಕೂಗಲು ಹೋದವಳ ಬಾಯಿಂದ ಅದೇ ಹೊರಟಿತು. ಮೊದಲು ನಡುಗಿತು. ಆಮೇಲೆ ಕಿಟಕಿಯ ಸರಳುಗಳನ್ನು ದಾಟಿ, ಮೂಕ ಮನೆಯೊಳಗೆ ನಡೆದು, ಗೋಡೆಗಳನ್ನೆಲ್ಲ ತುಂಬಿತು. ದರ್ಜಿ ಕಣ್ಣೊರೆಸಿಕೊಂಡ. ಇಂಥ ಕಂಠ ಪಕ್ಕದ ಮನೆಯಲ್ಲೇ ಇತ್ತೆಂದು ಅವನಿಗೆ ಅಂದೇ ಗೊತ್ತಾದದ್ದು.

ಒಳಗೆ ಏನಾಯಿತು? ರಾಯರು ಎದ್ದರೇ? ಎಲ್ಲಿಯ ಮಾತು! ಕನಸಿನ ನದಿಗೆ ಕೊನೆಗೂ ಹರಿವು ಬಂತು. ಆಚೆ ದಡದಿಂದ ಯಾರೋ ಹಾಡುತ್ತಿದ್ದರು, ದೋಣಿ ಆ ಹಾಡಿನ ಮೇಲೆಯೇ ತೇಲಿತು. ರಾಯರು ಹೊರಳಾಡುವುದು ನಿಂತು, ಬಾಯಿ ತುಸು ತೆರೆದು, ಸೊಗಸಾದ ಗೊರಕೆ ಹೊರಟಿತು. ಗೊರಕೆಗೂ ಹಾಡಿಗೂ ತಾಳ ಕೂಡಿತ್ತೆಂದು ಬೀದಿಯವರು ಇಂದಿಗೂ ಹೇಳುತ್ತಾರೆ.

"ಅಮ್ಮಾ, ಅಪ್ಪನ ನಿದ್ದೆ ಇನ್ನೂ ಗಾಢ ಆಯ್ತು!" ಎಂದಳು ಕಿಟಕಿಯ ಸರಳಿಗೆ ಮುಖವೊತ್ತಿ ನೋಡುತ್ತಿದ್ದ ಮಗಳು.

ಹೆಂಡತಿ ಇನ್ನಷ್ಟು ಎತ್ತರಕ್ಕೆ ಹಾಡಿದಳು. ರಾಯರು ಇನ್ನಷ್ಟು ಆಳಕ್ಕೆ ಇಳಿದರು. ಕೊನೆಗೆ ಅವಳು ಸೋತು, ಒದ್ದೆ ಮೆಟ್ಟಿಲ ಮೇಲೆ ಕೂತು, ಬಾಯಿ ಮುಚ್ಚಿದಳು.

ಮನೆ ಮತ್ತೆ ಮೂಕವಾಯಿತು.

"ಯಾಕೆ ನಿಂತಿತು?!" ರಾಯರು ಕುರ್ಚಿಯಿಂದ ಹಾರಿದರು. "ಕಾಗದ ಹರೀತಾ?!"

ಕಾಲು ನೀರಿಗೆ ಬಿತ್ತು. ಚಪ್ಪಲಿಗಳು ಕನಸಿನಲ್ಲಿ ತೇಲಿದಂತೆಯೇ ಎದುರಿಗೆ ತೇಲುತ್ತಿದ್ದವು. ಓಡಿ ಒಲೆ ಆರಿಸಿದರು, ಓಡಿ ನಲ್ಲಿ ನಿಲ್ಲಿಸಿದರು, ಜಾರಿ ಬಿದ್ದರು, ಎದ್ದು ಚಿಲಕ ತೆಗೆದರು. ಬಾಗಿಲಾಚೆ ಇಡೀ ಬೀದಿ ನಿಂತಿತ್ತು. ಮುಂದೆ ಹೆಂಡತಿ.

ಅವಳು ಒಳಗೆ ಬಂದು ನೀರು ನೋಡಿದಳು. ತಳ ಕರಕಲಾದ ಕೆಟಲ್ ನೋಡಿದಳು. ಚೀಲವನ್ನು ಗೂಟಕ್ಕೆ ನೇತುಹಾಕಿದಳು. ಇನ್ನು ಅದನ್ನು ಹೆಗಲಿಗೇರಿಸುವುದಿಲ್ಲ ಎನ್ನುವ ಹಾಗಿತ್ತು ಅವಳು ನೇತುಹಾಕಿದ ರೀತಿ. ರಾಯರು ಮರುಗಿದರು. ಕೆಟಲ್ಲಿಗಲ್ಲ, ಆ ಚೀಲಕ್ಕೆ.

"ಬೆಲ್ ಯಾಕೆ ಹೊಡೀಲಿಲ್ಲ? ಸೀಟಿ ಯಾಕೆ ಕೇಳಿಸ್ಲಿಲ್ಲ?" ಎಂದು ತೊದಲಿದರು.

ಮಗಳು ಗೊಂಬೆಯನ್ನು ತಂದು, ಅದರ ತಲೆಯ ಮೇಲಿದ್ದ ಸೀಟಿಯನ್ನು ತೆಗೆದು ಅಪ್ಪನ ಕೈಗಿಟ್ಟಳು. "ಎಲ್ಲಾ ನೀವು ಮಲಗ್ಲಿ ಅಂತ ಅಪ್ಪಾ."

ರಾಯರು ಸೀಟಿ ನೋಡಿದರು, ನಲ್ಲಿಯ ಬಟ್ಟೆ ನೋಡಿದರು, ಕಾಲುಚೀಲ ಹಾಕಿಕೊಂಡು ನೀರಿನಲ್ಲಿ ನಿಂತ ಕುರ್ಚಿಯನ್ನು ನೋಡಿದರು. ಇಷ್ಟು ಕಾಲ ತಾನು ಮಲಗಿದ್ದು ಹಾಸಿಗೆಯ ಮೇಲಲ್ಲ, ಇವರಿಬ್ಬರ ಬಿಗಿಹಿಡಿದ ಉಸಿರಿನ ಮೇಲೆ ಎಂದು ಅವರಿಗೆ ಹೊಳೆಯಿತು.

"ಆದ್ರೆ... ಈಗ ಬಂದಂಥ ನಿದ್ದೆ ನನಗೆ ಈ ಮನೇಲಿ ಯಾವತ್ತೂ ಬಂದಿಲ್ಲ ಕಣೇ. ಯಾರೋ ಹಾಡ್ತಿದ್ರು. ಯಾಕೆ ನಿಲ್ಲಿಸಿದ್ರು?"

ಹೆಂಡತಿ ಅವರನ್ನೇ ದಿಟ್ಟಿಸಿದಳು. ತುಟಿಯ ಕೊನೆಯಲ್ಲಿ ನಗು ಮೊಳೆತು, ಮುಖವೆಲ್ಲ ಹರಡಿತು.

"ಅಯ್ಯೋ ದೇವರೇ! ನಿಮ್ಮ ನಿದ್ದೆ ಕೆಡಬಾರ್ದು ಅಂತ ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ದೆ. ಈಗ ನೋಡಿದ್ರೆ, ಬಾಯಿ ಮುಚ್ಚಿದ್ರೇನೇ ನಿಮಗೆ ಎಚ್ಚರ!"

ಗೂಟದಿಂದ ಚೀಲ ತೆಗೆದು ಬಾಗಿಲ ಬಳಿಯ ಮೇಜಿನ ಮೇಲಿಟ್ಟಳು. "ಮುಂದಿನ ವಾರಾನೂ ಹೋಗ್ತೀನಿ. ಮನೇಲೂ ಹಾಡ್ತೀನಿ. ಮೊದಲು ಬಕೆಟ್ ಹಿಡೀರಿ, ನೀರು ಬಳಿಯೋಣ."

ರಾಯರು ಒಂದು ಕಿವಿಮಾತು ಹೇಳಲು ಬಾಯಿ ತೆರೆದು, ಮುಚ್ಚಿ, ಬಕೆಟ್ ಹಿಡಿದು ಗೋಡೆಗೊರಗಿ ನಿಂತರು. ಹೆಂಡತಿ ಸೆರಗು ಸಿಕ್ಕಿಸಿ, ಬಟ್ಟೆಯಿಂದ ನೀರು ಹಿಂಡುತ್ತಾ ಮೆಲ್ಲಗೆ ಹಾಡತೊಡಗಿದಳು. ಸಂಜೆಯ ಬಿಸಿಲು ಒದ್ದೆ ನೆಲದಿಂದ ಮೇಲಕ್ಕೆ ಚಿಮ್ಮಿ ಛಾವಣಿಯ ಮೇಲೆ ತೂಗಾಡುತ್ತಿತ್ತು. ಮನೆಯೇ ಒಂದು ದೋಣಿಯಂತಾಗಿತ್ತು.

ಆಗ, ಹುಟ್ಟಿದಂದಿನಿಂದ ಪಿಸುಗುಟ್ಟುತ್ತಲೇ ಬಂದಿದ್ದ ಮಗಳು, ಮೂರು ಬೀದಿಗೆ ಕೇಳುವ ಹಾಗೆ ಕಿರುಚಿದಳು:

"ಅಮ್ಮಾ, ಹಾಡು ನಿಲ್ಲಿಸಮ್ಮಾ! ಅಪ್ಪ ಬಕೆಟ್ ಹಿಡ್ಕೊಂಡೇ ನಿದ್ದೆ ಹೋದ್ರು!"