ಮಳೆ ಬಂದರೆ ಮಂಚದ ಕೆಳಗೆ

ಸೈಕಲ್ ರಿಪೇರಿಯವನಿಗೆ ಜಗತ್ತಿನಲ್ಲಿ ಸಹಿಸಲಾಗದ್ದು ಎರಡೇ: ತುಕ್ಕು ಹಿಡಿದ ಚೈನು ಮತ್ತು ಷಡ್ಡಕ. ಚೈನಿಗಾದರೆ ಎಣ್ಣೆ ಬಿಡಬಹುದು. ಷಡ್ಡಕ ಮಾತ್ರ ಬಂದಾಗಲೆಲ್ಲ ಏನಾದರೊಂದು ಉಡುಗೊರೆ ಕೊಟ್ಟು, ಜೊತೆಗೊಂದು ಚುಚ್ಚುಮಾತನ್ನೂ ಬಿಟ್ಟು ಹೋಗುತ್ತಿದ್ದ. ಈ ಸಲ ತಂದದ್ದು ಮನೆಯ ಹೆಸರಿನ ಬೋರ್ಡು. ಫಳಫಳ ಹೊಳೆಯುವ ಪ್ಲಾಸ್ಟಿಕ್ಕು, ಮೇಲೆ ಚಿನ್ನದ ಬಣ್ಣದಲ್ಲಿ ‘ನೆರಳು’.

“ನೀವು ಮರದ್ದು ಮಾಡ್ತಿದ್ದೀರಂತೆ. ಮಾಡಿ ಅಣ್ಣ, ಮಾಡಿ. ಅದು ಮಳೆಗೆ ಹಪ್ಪಳದ ಹಾಗೆ ಉಬ್ಬಿದ ಮೇಲೆ ಇದನ್ನ ಹಾಕ್ಕೊಳ್ಳಿ.”

ಆತ ಮಾಡಿಯೇ ಮಾಡಿದ. ಹಳೇ ಬಾಗಿಲಿನ ಸಾಗುವಾನಿ ಹಲಗೆಯಲ್ಲಿ ಉಳಿಯಿಂದ ಒಂದೊಂದೇ ಅಕ್ಷರ ಕೊರೆದ. ಬೆರಳಿನ ಚರ್ಮ ಹೋಗುವಷ್ಟು ಮರಳುಕಾಗದ ಉಜ್ಜಿದ. ಎಣ್ಣೆ ಕುಡಿಸಿ, ಒಣಗಿಸಿ, ವಾರ್ನಿಶ್ ಬಳಿದ. ನೀರು ಒಳಗಿಳಿಯುವುದು ಕೊಯ್ದ ತುದಿಗಳಿಂದಲೇ ಎಂದು ಅವಕ್ಕೆ ಇನ್ನಷ್ಟು ಬಳಿದ.

“ಅನ್ನದಲ್ಲೂ ವಾರ್ನಿಶ್ ವಾಸನೆ ಬರ್ತಿದೆ ಕಣ್ರೀ!” ಎಂದಳು ಹೆಂಡತಿ.

“ಮಳೆಗೆ ಜಗ್ಗಲ್ಲ.”

“ಯಾರು, ನೀವಾ?”

“ಬೋರ್ಡು.”

“ಸರಿ, ನೋಡೋಣ. ಈ ಮಳೆಗಾಲ ತಡೆದ್ರೆ ಗೋಡೆ ನಿಮ್ಮದು. ಒಂದ್ ಅಕ್ಷರ ಮಾಸಿದ್ರೂ ತಂಗಿ ಗಂಡ ತಂದಿದ್ದನ್ನ ಹಾಕ್ತೀನಿ. ಒಪ್ಪಿಗೆನಾ?”

ಆತ ತಲೆಯಾಡಿಸಿದ. (ಮದುವೆಯಾದಾಗಿನಿಂದ ಅವನು ಮಾಡಿದ ಅತಿ ದೀರ್ಘ ಭಾಷಣ ಅದೇ.)

ಬಾಗಿಲ ಪಕ್ಕದ ಗೋಡೆಗೆ ಎರಡು ಕೊಕ್ಕೆ ಬಡಿದು ಆ ಮಹಾಫಲಕವನ್ನು ತೂಗುಹಾಕಿದ್ದಾಯಿತು. ಮಾರನೆಯ ಬೆಳಿಗ್ಗೆ ಅಂಗಡಿಗೆ ಹೊರಟವನು ಆಕಾಶ ನೋಡಿದ. ಕಪ್ಪಗಿತ್ತು. ಅಷ್ಟು ಕಷ್ಟಪಟ್ಟು ಮಾಡಿದ ಬೋರ್ಡು, ಪಾಪ, ನೆನೆಯುವುದೇ? ಅತ್ತಿತ್ತ ನೋಡಿ, ಅದನ್ನು ಕೊಕ್ಕೆಯಿಂದ ಬಿಡಿಸಿ, ಹಳೇ ಪಂಚೆಯಲ್ಲಿ ಸುತ್ತಿ ಮಂಚದ ಕೆಳಗೆ ತಳ್ಳಿದ. ಸಂಜೆ ಬಂದು, ಹೆಂಡತಿ ಅಡುಗೆಮನೆಯಲ್ಲಿರುವಾಗ ಮೆಲ್ಲಗೆ ಮತ್ತೆ ಹಾಕಿದ.

“ಅಬ್ಬಾ, ಏನ್ ಮಳೆ ಇವತ್ತು! ನಿಮ್ಮ ಬೋರ್ಡು ಜಪ್ಪಯ್ಯ ಅನ್ನಲಿಲ್ಲ ನೋಡಿ,” ಎಂದಳು ಅವಳು.

“ಹ್ಞೂಂ,” ಎಂದು ಆತ ಮುಖ ತೊಳೆಯಲು ಹೋದ.

ಮಳೆಗಾಲವೆಲ್ಲ ಹೀಗೇ ನಡೆಯಿತು. ಮೋಡ ಕಂಡರೆ ಬೋರ್ಡು ಒಳಗೆ, ಬಿಸಿಲು ಬಂದರೆ ಹೊರಗೆ. ಹವಾಮಾನಕ್ಕೆ ಹೆದರದ ಬೋರ್ಡು ಹವಾಮಾನದ ಮುಖವನ್ನೇ ಕಂಡಿರಲಿಲ್ಲ. ರಾತ್ರಿ ಊಟ ಮಾಡುವಾಗ ಹೆಂಡತಿ ಹೊಗಳಿದರೆ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ.

ಒಂದು ದಿನ ಊಟದ ಡಬ್ಬಿ ಮರೆತು ಮಧ್ಯಾಹ್ನ ಮನೆಗೆ ಹೊರಟ. ದಾರಿಯಲ್ಲೇ ಮಳೆ ಧೋ ಎಂದು ಸುರಿಯಿತು. ಇರಲಿ, ಬೋರ್ಡು ಬೆಳಿಗ್ಗೆಯೇ ಮಂಚದ ಕೆಳಗೆ ಸೇರಿದೆ ಎಂದುಕೊಂಡು ಬಂದು ನೋಡುತ್ತಾನೆ: ಗೋಡೆಯ ಮೇಲೆ ‘ನೆರಳು’ ತಣ್ಣಗೆ ಸ್ನಾನ ಮಾಡುತ್ತಿದೆ!

ಹಾರಿ ಅದನ್ನು ಕಿತ್ತುಕೊಂಡು, ಮಗುವಿನ ಹಾಗೆ ಶರ್ಟಿನೊಳಗೆ ತುರುಕಿಕೊಂಡ.

ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. “ಯಾಕ್ರೀ ತೆಗೆದ್ರಿ?”

“ಯಾರು... ಹಾಕಿದ್ದು?”

“ನಾನೇ. ದಿನಾ ನಾನೇ ಹಾಕೋದು. ನೀವು ಬಚ್ಚಿಟ್ಟು ಆ ಕಡೆ ಹೋಗ್ತೀರಿ, ನಾನು ಈ ಕಡೆ ತಂದು ಹಾಕ್ತೀನಿ. ಸಂಜೆ ನೀವು ಬರೋ ಹೊತ್ತಿಗೆ ಒರೆಸಿ, ಅದೇ ಪಂಚೇಲಿ ಸುತ್ತಿ ಇಡ್ತೀನಿ.”

“ಯಾಕೆ?”

“ಇನ್ನೇನ್ ಮಾಡ್ಲಿ? ಮಳೆ ಬಂದ್ರೆ ಸಾಕು, ತಂಗಿ ಗಂಡ ಕೊಡೆ ಹಿಡ್ಕೊಂಡು ಬೋರ್ಡು ಉಬ್ಬಿತಾ ಅಂತ ನೋಡೋಕೆ ಬರ್ತಾನೆ. ಖಾಲಿ ಗೋಡೆ ತೋರಿಸ್ಲಾ ಅವನಿಗೆ?”

ಆತ ಬೋರ್ಡನ್ನು ಹೊರತೆಗೆದು ತಿರುಗಿಸಿ ತಿರುಗಿಸಿ ನೋಡಿದ. ತುದಿ ಉಬ್ಬಿರಲಿಲ್ಲ. ಒಂದಕ್ಷರವೂ ಮಾಸಿರಲಿಲ್ಲ. ನೀರು ಮಣಿಮಣಿಯಾಗಿ ಉರುಳಿ ಬೀಳುತ್ತಿತ್ತು. ತಿಂಗಳುಗಟ್ಟಲೆ ಎದೆಯ ಮೇಲೆ ಕೂತಿದ್ದ ಭಾರ ಇಳಿದು, ಅವನಿಗೆ ಗೊತ್ತಿಲ್ಲದೆಯೇ ಒಂದು ದೊಡ್ಡ ಉಸಿರು ಹೊರಬಿತ್ತು.

“ಅಂದ್ರೆ, ಇಡೀ ಮಳೆಗಾಲ ತಡೀತಾ?”

“ತಡೀದೆ ಏನು! ಮಾಡಿದೋರಿಗೇ ನಂಬಿಕೆ ಇಲ್ವಲ್ಲ, ಕರ್ಮ!”

ಆತ ನಗಲು ಬಾಯಿ ತೆರೆದ. ಬಂದದ್ದು ಸೀನು. ಒಂದಲ್ಲ, ಸಾಲು ಸಾಲಾಗಿ.

“ಬೋರ್ಡು ಅಲ್ಲೇ ಮಳೇಲಿ ಹಾಕಿ, ನೀವು ಒಳಗೆ ಬನ್ನಿ,” ಎಂದಳು ಹೆಂಡತಿ, ಟವೆಲ್ ಎಸೆಯುತ್ತ. “ನಿಮಗೆ ಯಾರೂ ವಾರ್ನಿಶ್ ಹೊಡೆದಿಲ್ಲ.”