ಅರವತ್ತು ಹಳದಿ ಚುಕ್ಕೆ

ನಾಲ್ಕು ಗಂಟೆಗೆ ಮಗಳ ಶಾಲೆಯಲ್ಲಿ ನಾಟಕವಿತ್ತು. ಅವಳದು ಸೇನಾಪತಿಯ ಪಾತ್ರ, ಮಾತು ಒಂದೇ ಒಂದು.

"ಏನಮ್ಮ ಅದು?" ಎಂದು ಬೆಳಿಗ್ಗೆ ಅಪ್ಪ, ಕಟ್ಟಡಗಳಿಗೆ ಕಂಬಿ ಕಟ್ಟುವ ಮೇಸ್ತ್ರಿ, ಕೇಳಿದ.

"ಬಂದು ಕೇಳಿ. ಹೋದ ಸಲಾನೂ ಬರಲಿಲ್ಲ ನೀವು."

ಹೆಂಡತಿ ಬುತ್ತಿ ಡಬ್ಬದ ಮುಚ್ಚಳವನ್ನು ಕೊಂಚ ಜೋರಾಗಿಯೇ ಒತ್ತಿದಳು.

ಆದರೆ ಈ ಸಲ ಮೇಸ್ತ್ರಿಗೆ ಧೈರ್ಯವಿತ್ತು, ಕಪ್ಲರ್ ಬಂದಿತ್ತಲ್ಲ. ಹಿಂದೆಲ್ಲ ಕಂಬಿ ಉದ್ದ ಮಾಡಬೇಕೆಂದರೆ ಒಂದರ ಪಕ್ಕ ಇನ್ನೊಂದನ್ನು ಮಾರುದ್ದ ಇಟ್ಟು, ತಂತಿಯಲ್ಲಿ ಗಂಟು ಹಾಕುತ್ತಾ ಕೂರಬೇಕಿತ್ತು. ಕಬ್ಬಿಣವೆಲ್ಲ ದಂಡ. ಸಾಲದ್ದಕ್ಕೆ ಕಂಬದೊಳಗೆ ಕಂಬಿಗಳು ಬೆಳಗಿನ ಬಸ್ಸಿನ ಜನರಂತೆ ಒತ್ತಿಕೊಂಡು, ಕಾಂಕ್ರೀಟಿಗೆ ಕಾಲಿಡಲೂ ಜಾಗವಿರುತ್ತಿರಲಿಲ್ಲ. ಈಗ ಕಂಬಿಯ ತುದಿಗೆ ಬೋಲ್ಟಿನಂತೆ ಥ್ರೆಡ್ ಹೊಡೆದು, ಕಪ್ಲರ್ ಎಂಬ ಗೇಣಿಗಿಂತ ಚಿಕ್ಕ ಉಕ್ಕಿನ ಕೊಳವೆಯೊಳಗೆ ಎರಡೂ ಕಡೆಯಿಂದ ತಿರುಗಿಸಿದರಾಯಿತು. ಸ್ಪ್ಯಾನರ್ 'ಟಕ್' ಎಂದರೆ ಬಿಗಿಯಾಯಿತೆಂದು ಅರ್ಥ. ಅದರ ಮೇಲೊಂದು ಹಳದಿ ಚುಕ್ಕೆ.

"ಇವತ್ತಿನ ಅರವತ್ತು ಕಪ್ಲರಿಗೂ ಚುಕ್ಕೆ ಬಿದ್ದ ತಕ್ಷಣ ಹೊರಡಿ ಮೇಸ್ತ್ರಿ," ಎಂದಿದ್ದರು ಇಂಜಿನಿಯರಮ್ಮ.

ಅಲ್ಲೊಂದು ಇಲ್ಲೊಂದು ಬಿಗಿಯುತ್ತಾ ಊಟದ ಹೊತ್ತಿಗೆ ಮೂವತ್ತೈದು ಮುಗಿಯಿತು. ಹತ್ತು ನಿಮಿಷವೆಂದು ಕಣ್ಣು ಮುಚ್ಚಿದ ಮೇಸ್ತ್ರಿ ಒಂದು ಗಂಟೆ ಕಳೆದ ಮೇಲೆ ಎದ್ದು ಬಂದರೆ, ಅರವತ್ತಕ್ಕೂ ಹಳದಿ ಚುಕ್ಕೆ. ಪಕ್ಕದಲ್ಲಿ ಕುಂಚ ಹಿಡಿದು, ಬಹುಮಾನ ಬಂದವನಂತೆ ನಗುತ್ತಾ ನಿಂತಿದ್ದ ಅವನ ಭಾವಮೈದ, ಅದೇ ಕಟ್ಟಡದ ಬಣ್ಣದವನು.

"ಏನೋ ಮಾಡಿದೆ?"

"ಭಾವ, ಅಕ್ಕ ಹೇಳಿದ್ಲು ಅಂತ ನಾನೇ..."

"ಅಕ್ಕ ಗೋಡೆಗೆ ಬಳಿ ಅಂದಿರ್ತಾಳೆ. ಬಾಯ್ಮುಚ್ಚು."

"ಅಲ್ಲ ಭಾವ, ಮೊದಲು ನಾನು..."

"ಇನ್ನೊಂದು ಮಾತಾಡಿದ್ರೆ ಆ ಡಬ್ಬದಲ್ಲೇ ನಿನ್ನ ಅದ್ದಿಬಿಡ್ತೀನಿ. ಸ್ಪ್ಯಾನರ್ ಎಲ್ಲಿ?"

ಸ್ಪ್ಯಾನರ್ ಬಣ್ಣದ ಡಬ್ಬದ ಪಕ್ಕದಲ್ಲಿತ್ತು. ಹಿಡಿಯೆಲ್ಲ ಹಳದಿ.

"ಇದನ್ನೂ ಬಿಟ್ಟಿಲ್ಲ ನೀನು. ನಡಿ ಇಲ್ಲಿಂದ."

ಭಾವಮೈದ ತಲೆ ತಗ್ಗಿಸಿಕೊಂಡು ಹೋದ. ಇಂಜಿನಿಯರಮ್ಮ ಬಂದು, "ನಿಮ್ಮ ಚುಕ್ಕೆ ಯಾವುದು ಮೇಸ್ತ್ರಿ?" ಎಂದರು. ಚುಕ್ಕೆಗಳೆಲ್ಲ ಅವಳಿಜವಳಿ.

"ಹಾಗಾದ್ರೆ ಅರವತ್ತನ್ನೂ ನೋಡಲೇಬೇಕು. ಬನ್ನಿ, ನಾನೂ ಬರ್ತೀನಿ," ಎಂದು ರಿಜಿಸ್ಟರ್ ಹಿಡಿದು ಅವರೂ ಅಟ್ಟಣಿಗೆ ಹತ್ತಿದರು.

"ಅಲ್ಲಾಡಿಸಿ ನೋಡಿದ್ರೆ ಸಾಕು," ಎಂದ ಬಡಗಿ.

"ಕಿವಿ ಕೊಟ್ಟು ಕೇಳಿ. ಸಡಿಲ ಇದ್ದದ್ದು ಅಳುತ್ತೆ," ಎಂದ ಕಾವಲುಗಾರ.

ಒಂದೂ ಅಳಲಿಲ್ಲ. ಹತ್ತಿದ್ದು, ಇಳಿದದ್ದು, ಬರೆದದ್ದು ಎಲ್ಲ ಮುಗಿದು, ಕೊನೆಯ ಕಪ್ಲರ್ ಕೂಡ ಸ್ಪ್ಯಾನರ್ ಮುಟ್ಟಿದ ಕೂಡಲೇ ಟಕ್ ಎಂದಾಗ ನಾಲ್ಕೂವರೆ. ಮೇಸ್ತ್ರಿ ಓಡಿದ.

ಶಾಲೆಯಲ್ಲಿ ಕುರ್ಚಿ ಎತ್ತಿಡುತ್ತಿದ್ದರು. ಮುಂದಿನ ಸಾಲಿನಲ್ಲಿ ಭಾವಮೈದ ಕೂತಿದ್ದ, ಪಕ್ಕದ ಖಾಲಿ ಕುರ್ಚಿಯ ಮೇಲೆ ಅವನ ಟವೆಲ್ಲು. "ನಿಮಗೇ ಅಂತ ಹಿಡಿದಿಟ್ಟಿದ್ದೆ ಭಾವ."

ಮೇಸ್ತ್ರಿ ಅದರಲ್ಲಿ ಕುಸಿದ. "ಒಂದೂ ಸಡಿಲ ಇರಲಿಲ್ಲ ಕಣೋ."

"ಹೇಗಿರುತ್ತೆ? ಉಳಿದ ಇಪ್ಪತ್ತೈದನ್ನೂ ಟಕ್ ಅನ್ನೋವರೆಗೆ ಬಿಗಿದೇ ಅಲ್ವಾ ನಾನು ಚುಕ್ಕೆ ಇಟ್ಟಿದ್ದು? ಭಾವನ್ನ ಹೊತ್ತಿಗೆ ಸರಿಯಾಗಿ ಹೊರಡಿಸು ಅಂತ ಅಕ್ಕ ಫೋನ್ ಮಾಡಿದ್ಲು."

ಮೇಸ್ತ್ರಿ ಆ ಟವೆಲ್ಲನ್ನು ಮಡಚಿ ಅವನ ಹೆಗಲಿಗೆ ಹಾಕಿದ. ಅಷ್ಟರಲ್ಲಿ ರಟ್ಟಿನ ಕತ್ತಿ ಹಿಡಿದು ಮಗಳು ಬಂದಳು. ಮೀಸೆ ಇನ್ನೂ ಹಾಗೇ ಇತ್ತು.

"ನಿನ್ನ ಮಾತು ಈಗಲಾದ್ರೂ ಹೇಳಮ್ಮ."

ಮಗಳು ಅಪ್ಪನಿಗೆ ಎದುರಾಗಿ ನೆಟ್ಟಗೆ ನಿಂತಳು. "ಮಹಾಪ್ರಭು, ತೀರ್ಪು ಕೊಡುವ ಮೊದಲು ಅವನ ಮಾತನ್ನು ಪೂರ್ತಿ ಕೇಳಿ."

ಭಾವಮೈದ ತನ್ನ ಹಳದಿ ಕೈಗಳಿಂದ ಎರಡನೆಯ ಸಲ ಚಪ್ಪಾಳೆ ತಟ್ಟಿದ.